ತಪ್ಪಿನ ಪುಸ್ತಕ

ಅಕ್ಕಂದ್ರೇ, ನೀಟಿಲ್ಲಿ ಮಾರ್ಕು ಕಮ್ಮಿ ಆದರೆ ದೂರದ ಕೋಚಿಂಗಿಂಗೆ ಕಳ್ಸೆಕ್ಕು ಹೇಳಿ ಎಲ್ಲೋರೂ ಹೇಳ್ತವು. ಎಂಗಳ ಮಗಳಿಂಗೆ ಸುರೂವಾಣ ಸರ್ತಿ 720ರಲ್ಲಿ ಬಂದದು 270. ಮುಂಡಾಜೆಂದ ಮಂಗ್ಳೂರಿಂಗೆ ಕಳ್ಸುವಷ್ಟು ಪೈಸೆ ಇಲ್ಲೆ. ಡಾಕ್ಟ್ರಾಯೆಕ್ಕು ಹೇಳ್ತ ಆಶೆ ಬಿಡ್ಲೆ ಕೂಸಿಂಗೆ ಎಡಿಯ.

180 ಪ್ರಶ್ನೆಗೂ ಉತ್ತರ ಕೊಟ್ಟಿತ್ತು. ಸರಿ 90, ತಪ್ಪು 90. ಸರಿಗೆ 4 ಸಿಕ್ಕುತ್ತು, ತಪ್ಪಿಂಗೆ 1 ಹೋವುತ್ತು. ಆ ತಪ್ಪುಗಳ ಎಂಗೊ ಕೂದು ಮೂರು ಪಾಲು ಮಾಡಿದೆಯೊ°: ಓದದ್ದದು, ಓದಿ ಮರದ್ದು, ಅಂಬೆರ್ಪಿಲಿ ತಪ್ಪಿದ್ದು. ನೋಡಿರೆ, ಮರದ್ದೇ ಹೆಚ್ಚು!

ಅರ್ಧ ಮಾರ್ಕು, ಹೇಳಿರೆ 360, ಜೀವಶಾಸ್ತ್ರದ್ದು. ಹಾಂಗಾಗಿ ಎನ್‌ಸಿಇಆರ್‌ಟಿ ಪುಸ್ತಕವ ಗೆರೆಗೆರೆ ಓದಿತ್ತು. ಆದಿತ್ಯವಾರ ಮಧ್ಯಾಹ್ನ 2ರಿಂದ 5ರವರೆಗೆ, ಪರೀಕ್ಷೆಯ ಹೊತ್ತಿಂಗೇ, ಹಳೆ ಪೇಪರು ಮಾಡುಗು. ತಪ್ಪಿದ್ದರ ಒಂದು ಪುಸ್ತಕಲ್ಲಿ ಬರದು ಮಡುಗುಗು. ಇರುಳು ಅಡಕ್ಕೆ ಸೊಲಿವಾಗ ಆನು ಅದನ್ನೇ ಕೇಳುದು. ಎನಗೆ ಪಾಠ ಅರ್ಥ ಆಯೆಕ್ಕು ಹೇಳಿ ಇಲ್ಲೆ, ಉತ್ತರ ಕರೇಲಿ ಬರದಿದ್ದನ್ನೆ!

ಈ ಸರ್ತಿ ಸರಿ 143, ತಪ್ಪು 32, ಬಿಟ್ಟದು 5. ಮಾರ್ಕು 540! ಸೀಟು ಎಲ್ಲಿ ಹೇಳಿ ಕೌನ್ಸೆಲಿಂಗಿಲ್ಲಿ ಗೊಂತಕ್ಕಷ್ಟೆ.

ನಿಂಗಳ ಮನೆಲಿ ಆರಾರು ಪುನಃ ಬರವದಾದರೆ, ಸುರೂವಿಂಗೆ ತಪ್ಪುಗಳ ಪಾಲು ಮಾಡ್ಸಿ. ಅದಕ್ಕೆ ಪೈಸೆ ಬೇಡ.