ಗುಂಡಿಯೊಂದನ್ನು ಅಂಟಿಸಿದ ಮಾತ್ರಕ್ಕೆ

ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರ ಮಕ್ಕಳೇ ಹೆಚ್ಚಾಗಿದ್ದ ಪ್ರೌಢಶಾಲೆಯೊಂದರಲ್ಲಿ ನಾನು ಬಹುಕಾಲ ಪಾಠ ಹೇಳಿದೆ. ಅಲ್ಲಿ ದೃಷ್ಟಿ ಮಂದವಾಗುತ್ತಿದ್ದ ಹುಡುಗನೊಬ್ಬನಿದ್ದ. ಅವನನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದರೆ ನನ್ನ ಕರ್ತವ್ಯ ಮುಗಿಯಿತೆಂದು ಭಾವಿಸಿದ್ದೆ. ಕಪ್ಪುಹಲಗೆಯ ಮೇಲೆ ಬರೆದು, ಬಾಯಿಬಿಟ್ಟು ಓದದೆ, "ನೋಡಿ ಬರೆದುಕೊಳ್ಳಿ" ಎನ್ನುತ್ತಿದ್ದೆ. ಪಕ್ಕದ ಹುಡುಗ ಪಿಸುದನಿಯಲ್ಲಿ ಅವನಿಗೆ ಓದಿ ಹೇಳುತ್ತಿದ್ದ. ಪಾಠದ ನಡುವೆ ಮಾತನಾಡಿದನೆಂದು ಆ ಪಕ್ಕದವನನ್ನು ಒಮ್ಮೆ ಎದ್ದು ನಿಲ್ಲಿಸಿದ್ದೂ ಉಂಟು.

ಮಂದದೃಷ್ಟಿಯ ಆ ಹುಡುಗನಿಗೆ ಈಗ ಏನೂ ಕಾಣುವುದಿಲ್ಲ. ವೈಟ್‌ಫೀಲ್ಡಿನಲ್ಲಿ ತಂತ್ರಾಂಶ ಪರೀಕ್ಷಿಸುವ ಉದ್ಯೋಗದಲ್ಲಿದ್ದಾನೆ. ಇತ್ತೀಚೆಗೊಂದು ಭಾನುವಾರ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಿ, ಒಬ್ಬನೇ ನಮ್ಮ ಮನೆಗೆ ಬಂದ. ನಾನು ಹೆಮ್ಮೆಯಿಂದ, "ನಿನ್ನಂಥವರಿಗೆಂದೇ ನನ್ನ ಪುಟಕ್ಕೊಂದು ಗುಂಡಿ ಹಾಕಿಸಿದ್ದೇನಪ್ಪಾ" ಎಂದೆ. ನನ್ನ ಅಣ್ಣನ ಮಗ ಎಲ್ಲಿಂದಲೋ ತಂದು ಸೇರಿಸಿದ ಒಂದು ಸಾಲಿನ ಕೋಡ್ ಅದು. ಪುಟದ ಮೂಲೆಯಲ್ಲಿ ಮನುಷ್ಯಾಕೃತಿಯ ಚಿಹ್ನೆ. ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ, ಬಣ್ಣ ಬದಲಾಗುತ್ತದೆ.

ಅವನು ನಕ್ಕು ಲ್ಯಾಪ್‌ಟಾಪ್ ತೆರೆದ. ಅದರಲ್ಲಿ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್, ಅಂದರೆ ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶವಿತ್ತು. ಆಸ್ಟ್ರೇಲಿಯಾದ ಅಂಧ ಯುವಕ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದ ಇದು ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. "ಮೇಷ್ಟ್ರೇ, ನನ್ನ ಕಂಪ್ಯೂಟರ್ ಮೊದಲೇ ಮಾತನಾಡುತ್ತದೆ. ಅದು ಮಾತನಾಡದಿದ್ದರೆ ನಿಮ್ಮ ಗುಂಡಿ ಇರುವುದೇ ನನಗೆ ತಿಳಿಯದು" ಎಂದ. ಅಕ್ಷರ ಹಿಗ್ಗಿಸುವುದಕ್ಕೂ ಗುಂಡಿ ಬೇಕಿರಲಿಲ್ಲ. ಕಂಟ್ರೋಲ್ ಕೀಲಿಯೊಡನೆ ಪ್ಲಸ್ ಒತ್ತಿದರೆ ಸಾಕು ಎಂದು ನನ್ನ ಮುದಿಗಣ್ಣಿಗೂ ಪಾಠ ಹೇಳಿಕೊಟ್ಟ.

ಬಳಿಕ ನನ್ನ ಹಳೆಯ ಪ್ರಬಂಧವೊಂದನ್ನು ತೆರೆದ. ಯಂತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳನ್ನು ಒದರತೊಡಗಿತು. ಅದನ್ನು ನಾನು ಬೆರಳಚ್ಚಿಸಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಏರ್ಪಾಡು ಅದು. ಆ ಫಾಂಟ್ ಇರುವ ನನ್ನ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವುದು ಕನ್ನಡ. ಯಂತ್ರದ ಪಾಲಿಗೆ ಅದು ಕನ್ನಡವೇ ಅಲ್ಲ. ಇದನ್ನು ಯೂನಿಕೋಡಿಗೆ ಪರಿವರ್ತಿಸದೆ ಯಾವ ಗುಂಡಿ ಅಂಟಿಸಿದರೂ ವ್ಯರ್ಥ.

ಅದರ ಕೆಳಗೆ ನಮ್ಮ ಶಾಲೆಯ ಗುಂಪು ಚಿತ್ರ. ಯಂತ್ರ "ಐಎಂಜಿ 0047" ಎಂದಷ್ಟೇ ಹೇಳಿತು. ಅವನು ಕೇಳಿದ: "ಇದರಲ್ಲಿ ನಾನಿದ್ದೇನೆಯೇ, ಮೇಷ್ಟ್ರೇ?"

ನನ್ನ ಗಂಟಲು ಕಟ್ಟಿತು. ಇದ್ದ, ಎರಡನೆಯ ಸಾಲಿನ ಬಲತುದಿಯಲ್ಲಿ.

ಅಂಗವಿಕಲರ ಹಕ್ಕುಗಳ 2016ರ ಅಧಿನಿಯಮ ಮಾಹಿತಿಯೂ ಎಲ್ಲರಿಗೆ ನಿಲುಕಬೇಕೆನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಸೇವೆಗಳು ಕೈಗೆಟುಕುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಹೇಳಿತು. ಅದೇ ವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಇಂಥದೇ ಉಪಕರಣ ಮಾರುವ ಆಕ್ಸೆಸಿಬಿ ಎಂಬ ಕಂಪನಿ ತನ್ನ ಸಾಧನ ಯಾವ ಜಾಲತಾಣವನ್ನಾದರೂ ಸುಗಮ್ಯತೆಯ ಮಾನದಂಡಕ್ಕೆ ಸರಿಹೊಂದಿಸುತ್ತದೆಂದು ಹೇಳಿಕೊಂಡದ್ದಕ್ಕಾಗಿ, ಅದರಿಂದ 10 ಲಕ್ಷ ಡಾಲರ್ ಕಟ್ಟಿಸಿತು. ಇವೆಲ್ಲ ದೊಡ್ಡವರ ಸಂಗತಿಗಳು. ಆದರೆ ಮುಂದಿನ ಬೆಂಚಿನಲ್ಲಿ ಕೂರಿಸಿ ಕೈತೊಳೆದುಕೊಂಡ ನಾನು, ಇಷ್ಟು ವರ್ಷಗಳ ನಂತರ ಮೂಲೆಯಲ್ಲೊಂದು ಗುಂಡಿಯಿಟ್ಟು ಮತ್ತೆ ಕೈತೊಳೆದುಕೊಂಡಿದ್ದೆನಲ್ಲ!

ಗುಂಡಿಯನ್ನು ತೆಗೆಸಿದ್ದೇನೆ. ದಿನಕ್ಕೊಂದು ಪ್ರಬಂಧವನ್ನು ಯೂನಿಕೋಡಿಗೆ ತಂದು, ಪರಿವರ್ತನೆಯಲ್ಲಿ ಕೆಟ್ಟ ಒತ್ತಕ್ಷರಗಳನ್ನು ಕೈಯಾರೆ ತಿದ್ದುತ್ತಿದ್ದೇನೆ. ಪ್ರತಿ ಚಿತ್ರಕ್ಕೂ ವಿವರಣೆ ಸೇರಿಸುತ್ತಿದ್ದೇನೆ. ಆ ಗುಂಪು ಚಿತ್ರದಿಂದಲೇ ಆರಂಭಿಸಿದೆ. ಬಲತುದಿಯಲ್ಲಿ ಅವನು, ಅವನ ಹೆಗಲ ಮೇಲೆ ಕೈಯಿಟ್ಟು ನಿಂತವನು, ಅಂದು ನಾನು ಎದ್ದು ನಿಲ್ಲಿಸಿದ ಗೆಳೆಯ. ಆತ ಈಗೆಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ, ಅಪ್ಪಾ, ಮೇಷ್ಟ್ರ ತಪ್ಪನ್ನು ಮನ್ನಿಸು. ಅಂದು ಸರಿಯಾಗಿ ಪಾಠ ಮಾಡಿದವನು ನೀನು.