ಸ್ಕ್ರಿಪ್ಟಿಗೊಂದು ಮೆನು, ಮೆನುವಿಗೊಂದು ಶಾರ್ಟ್‌ಕಟ್

ಬೇರೆಯವರ ವೆಬ್‌ಸೈಟನ್ನು ತಮಗೆ ಬೇಕಾದಂತೆ ತಿದ್ದಿಕೊಳ್ಳುವ ಚಟಕ್ಕೆ ದಾರಿ ಮಾಡಿಕೊಟ್ಟದ್ದು ಫೈರ್‌ಫಾಕ್ಸ್‌ನ ಗ್ರೀಸ್‌ಮಂಕಿ ಎಂಬ ಎಕ್ಸ್‌ಟೆನ್ಶನ್. ಆರನ್ ಬೂಡ್‌ಮನ್ ಅದನ್ನು ಬರೆದು ಇಪ್ಪತ್ತು ವರ್ಷ ದಾಟಿತು.

ಹೀಗೆ ಪುಟವನ್ನು ತಿದ್ದುವ ಪುಟ್ಟ ಕೋಡು, ಅಂದರೆ ಯೂಸರ್ ಸ್ಕ್ರಿಪ್ಟ್, ಸಾಮಾನ್ಯವಾಗಿ ಪುಟ ತೆರೆದ ಕೂಡಲೇ ತಾನಾಗಿ ಓಡುತ್ತದೆ. ಕೇಳಿದಾಗ ಮಾತ್ರ ಓಡಬೇಕೆಂದರೆ 'ಜಿಎಂ ರಿಜಿಸ್ಟರ್ ಮೆನು ಕಮಾಂಡ್' ಎಂಬ ಫಂಕ್ಷನ್ ಇದೆ. ಒಂದು ಹೆಸರು, ಓಡಿಸಬೇಕಾದ ಕೋಡು ಕೊಟ್ಟರಾಯಿತು. ಆ ಹೆಸರು, ಗ್ರೀಸ್‌ಮಂಕಿಯಂಥದ್ದೇ ಇನ್ನೊಂದು ಎಕ್ಸ್‌ಟೆನ್ಶನ್ ಆದ ಟ್ಯಾಂಪರ್‌ಮಂಕಿಯ ಮೆನುವಿನಲ್ಲಿ, ಉದಾಹರಣೆಗೆ 'ಅಕ್ಷರ ದೊಡ್ಡದು ಮಾಡು' ಎಂದು ಕನ್ನಡದಲ್ಲೇ ಕಾಣುತ್ತದೆ.

ಆ ಮೆನು ಕಮಾಂಡಿಗೆ ಆಕ್ಸೆಸ್ ಕೀ, ಅಂದರೆ ಒತ್ತಿದರೆ ಅದನ್ನು ಓಡಿಸುವ ಅಕ್ಷರ, ಕೂಡ ಕೊಡಬಹುದು. ಆದರೆ ಅದು ನಡೆಯುವುದು ಮೆನು ತೆರೆದಿದ್ದಾಗಷ್ಟೇ, ಅಂದರೆ ಅರ್ಧ ಉಪಕಾರ. ನಿಜವಾದ ಶಾರ್ಟ್‌ಕಟ್ ಬೇಕಾದವರು ಕೀಲಿ ಒತ್ತಿದಾಗ ಹುಟ್ಟುವ 'ಕೀಡೌನ್' ಇವೆಂಟನ್ನು ಸ್ಕ್ರಿಪ್ಟಿನಲ್ಲೇ ಹಿಡಿಯಬೇಕು. ಇಲ್ಲಿ ಕನ್ನಡದಲ್ಲಿ ಟೈಪಿಸುವವರಿಗೊಂದು ತೊಡಕಿದೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಇಂಗ್ಲಿಷಿನ 'ಕೆ' ಕೀಲಿ ಒತ್ತಿದರೆ ಇವೆಂಟಿನ 'ಕೀ' ಬೆಲೆ 'ಕ' ಆಗುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಕಾದಿರುವ ಸ್ಕ್ರಿಪ್ಟ್ ಮಿಸುಕುವುದೇ ಇಲ್ಲ. ಅಕ್ಷರದ ಬದಲು ಕೀಲಿಯ ಜಾಗವನ್ನು ಹೇಳುವ 'ಕೋಡ್' ಬೆಲೆಯನ್ನು ನೋಡಿದರೆ ಈ ರಗಳೆಯಿಲ್ಲ.

ಶಾರ್ಟ್‌ಕಟ್ಟಿಗೆ ಕಂಟ್ರೋಲ್ ಜೊತೆ ಟಿ, ಡಬ್ಲ್ಯೂಗಳನ್ನು ಆರಿಸಿಕೊಂಡು ಪ್ರಯೋಜನವಿಲ್ಲ, ಕ್ರೋಮ್ ಅವನ್ನು ಪುಟಕ್ಕೆ ಬಿಟ್ಟುಕೊಡುವುದಿಲ್ಲ. ಇನ್ನೊಂದು ಮಾತು: ಓದುಗರು ಸರ್ಚ್ ಪೆಟ್ಟಿಗೆಯಲ್ಲಿ ಟೈಪಿಸುತ್ತಿರುವಾಗ ನಿಮ್ಮ ಶಾರ್ಟ್‌ಕಟ್ ಸುಮ್ಮನಿರುವಂತೆ ದಯವಿಟ್ಟು ಒಂದು ಸಾಲು ಸೇರಿಸಿ.