ಬಾಲಕ್ಕೆ ಕೊಟ್ಟ ಬೆಲೆ

ವಿಜಯನಗರದ ಸಾಳುವ ನರಸಿಂಹನು ಸತ್ತ ಕುದುರೆಗಳಿಗೂ ಹಣ ಕೊಡುತ್ತಿದ್ದನೆಂದು ಪೋರ್ಚುಗೀಸ್ ಬರಹಗಾರ ಫೆರ್ನಾವ್ ನೂನಿಜ್ ದಾಖಲಿಸಿದ್ದಾನೆ. ಹೊರ್ಮುಜ್ ಮತ್ತು ಏಡನ್ ಬಂದರುಗಳಿಂದ ಹಡಗಿನಲ್ಲಿ ಬರುವ ಕುದುರೆಗಳನ್ನು ಸಾವಿರ ಪರ್ದಾವ್‌ಗಳಿಗೆ ಮೂರರಂತೆ, ಬದುಕಿದ್ದರೂ ಸತ್ತಿದ್ದರೂ, ಅರಸನು ಕೊಳ್ಳುತ್ತಿದ್ದ. ಕಡಲ ನಡುವೆ ಸತ್ತದ್ದರ ಬಾಲವನ್ನಷ್ಟೇ ತಂದು ತೋರಿಸಿದರೂ ಬದುಕಿರುವ ಕುದುರೆಯ ಬೆಲೆಯೇ ವರ್ತಕನಿಗೆ ಸಲ್ಲುತ್ತಿತ್ತು. ನೂನಿಜ್ ಇದನ್ನು ಬರೆದದ್ದು ಸುಮಾರು 1535ರಲ್ಲಿ, ನರಸಿಂಹನ ಆಳ್ವಿಕೆ (1485–1491) ಮುಗಿದು ನಾಲ್ಕು ದಶಕಗಳು ಕಳೆದ ಮೇಲೆ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಈ ಬರಹದ ಇಂಗ್ಲಿಷ್ ಅನುವಾದ ಸೇರಿದ ನಂತರ, ಬಾಲದ ಈ ಪ್ರಸಂಗವನ್ನು ಅರಸನ ಔದಾರ್ಯಕ್ಕೋ ಕುದುರೆಗಾಗಿ ಇದ್ದ ಹಪಹಪಿಗೋ ನಿದರ್ಶನವಾಗಿ ಉಲ್ಲೇಖಿಸುವುದು ರೂಢಿಯಾಗಿದೆ. ನನಗೆ ಇದು ಔದಾರ್ಯವಾಗಿ ಕಾಣುವುದಿಲ್ಲ, ಕರಾರಾಗಿ ಕಾಣುತ್ತದೆ. ದೂರದೇಶದಲ್ಲಿ ಕೊಂಡ ವಾಹನವೊಂದು ದಾರಿಯಲ್ಲಿ ಹಾಳಾದರೆ ನಷ್ಟ ಯಾರದು ಎಂಬ ಪ್ರಶ್ನೆಗೆ, ‘ಕೊಂಡವನದು’ ಎಂದು ಅರಸನೇ ಮುಂದಾಗಿ ಕೊಟ್ಟ ಉತ್ತರ ಅದು. ಹಾಗೆ ಉತ್ತರಿಸದಿದ್ದರೆ ವರ್ತಕನು ಕುದುರೆಯನ್ನು ಹಡಗಿಗೆ ಹತ್ತಿಸುತ್ತಲೇ ಇರಲಿಲ್ಲ.

ಈ ಕರಾರು ವಿಜಯನಗರದವರ ಸ್ವಂತ ಕಲ್ಪನೆಯೂ ಅಲ್ಲ. ಹದಿನಾಲ್ಕನೆಯ ಶತಮಾನದ ಆರಂಭದ ಪಾರಸಿ ಇತಿಹಾಸಕಾರ ವಸ್ಸಾಫನು ಪಾಂಡ್ಯ ನಾಡಿನ ಕುದುರೆ ವ್ಯಾಪಾರವನ್ನು ವಿವರಿಸುವಾಗ ಒಂದೊಂದು ಕುದುರೆಗೆ 220 ದೀನಾರುಗಳೆಂದು ಗೊತ್ತುಮಾಡಿದ್ದನ್ನೂ, ದಾರಿಯಲ್ಲಿ ಸತ್ತರೂ ಅದರ ಬೆಲೆ ಅರಸನ ಬೊಕ್ಕಸದಿಂದಲೇ ಸಲ್ಲಬೇಕೆಂಬ ಷರತ್ತನ್ನೂ ಹೇಳುತ್ತಾನೆ. ದಾರಿಯ ನಷ್ಟವೆಂದರೆ ಬಿರುಗಾಳಿ, ರೋಗಗಳು ಮಾತ್ರವೇ ಆಗಿರಲಿಲ್ಲ. ನಮ್ಮದೇ ಪಡುಗಡಲ ಠಾಣೆಯ ಅರಸನು ಕಡಲುಗಳ್ಳರೊಡನೆ ಒಪ್ಪಂದ ಮಾಡಿಕೊಂಡು, ಅವರು ಹಿಡಿದ ಹಡಗುಗಳಲ್ಲಿರುವ ಕುದುರೆಗಳೆಲ್ಲ ತನಗೆ, ಉಳಿದ ಸರಕೆಲ್ಲ ಅವರಿಗೆ ಎಂದು ಗೊತ್ತುಮಾಡಿದ್ದನೆಂದು ಮಾರ್ಕೊ ಪೋಲೊ ಬರೆಯುತ್ತಾನೆ. ಸಾಗಣೆಯ ವೆಚ್ಚವನ್ನು ಇಷ್ಟು ಪೂರ್ಣವಾಗಿ ಉಳಿಸಿದ ಗ್ರಾಹಕ ಇನ್ನೊಬ್ಬನಿರಲಾರ.

ಕುದುರೆಗಳು ಇಳಿಯುತ್ತಿದ್ದ ರೇವುಗಳಲ್ಲಿ ಮುಖ್ಯವಾದ ಭಟ್ಕಳ ನಮ್ಮ ಕಿರಿಮಂಜೇಶ್ವರದಿಂದ ಒಂದು ಗಂಟೆಯ ದಾರಿಯೂ ಅಲ್ಲ. ಉತ್ತರಕ್ಕೆ ಬೈಂದೂರು, ಶಿರೂರು ದಾಟಿದರೆ ಆಯಿತು. ನಗಿರೆ ಮತ್ತು ಹಾಡುವಳ್ಳಿಯ ಜೈನ ಅರಸರು ಆಳಿದ ನೆಲವದು. ಕರಾವಳಿಯ ಶಾಸನಗಳಲ್ಲಿ ಕಾಣುವ ‘ಹಂಜಮಾನ’ರು ಪರದೇಶಗಳಿಂದ ಬಂದು ನೆಲೆಸಿದ ವರ್ತಕರ ಕೂಟದವರು. ಕೊಂಡು ತಂದದ್ದನ್ನು ರೇವಿನಿಂದ ಘಟ್ಟದ ಮೇಲಕ್ಕೆ ಒಯ್ಯುವುದು ಇನ್ನೊಂದು ಸಾಹಸ. 1520ರ ಸುಮಾರಿಗೆ ಬಂದಿದ್ದ ದೊಮಿಂಗೊ ಪಾಯಸ್, ಭಟ್ಕಳದ ದಾರಿಯಲ್ಲಿ ಹೇರೆತ್ತುಗಳ ಸಾಲುಗಳನ್ನು ಕುರಿತು ಬರೆಯುತ್ತಾ ಇಪ್ಪತ್ತು ಮೂವತ್ತು ಎತ್ತುಗಳಿಗೆ ಒಬ್ಬನೇ ಹೊಡೆಯುವವನಿದ್ದನೆನ್ನುತ್ತಾನೆ. ಕುದುರೆಗೆ ಮಾತ್ರ ಒಂದು ಅನುಕೂಲವಿತ್ತು. ನೆಲ ಮುಟ್ಟಿದ ಮೇಲೆ ಅದು ತನ್ನ ಕಾಲಲ್ಲೇ ನಡೆಯುತ್ತಿತ್ತು.

ಈ ಹಳೆಯ ಓದೆಲ್ಲ ಮತ್ತೆ ಮೇಲೆದ್ದುದು ಒಂದು ಕಾರಿನ ನಿಮಿತ್ತ. ದೆಹಲಿಯಲ್ಲಿ ನೆಲೆಸಿರುವ ನನ್ನ ಭಾವನವರು ತೀರಿಹೋದ ಅಕ್ಕನಿಗಾಗಿ ತಮ್ಮ ಡೀಸೆಲ್ ಕಾರಿನ ಮುಂದಿನ ಎಡ ಆಸನವನ್ನು ತೆಗೆಸಿ, ಬಾಗಿಲ ಹೊರಕ್ಕೆ ತಿರುಗುವ ಆಸನವೊಂದನ್ನು ಕೂಡಿಸಿದ್ದರು. ಮಂಡಿ ಮಡಿಸಲಾಗದವರು ಅದರ ಮೇಲೆ ಕುಳಿತರೆ ಸಾಕು, ಆಸನವೇ ಅವರನ್ನು ಒಳಗೆ ಒಯ್ಯುತ್ತದೆ. ನನ್ನ ಹೆಂಡತಿಗೆ ಈಗ ಅಂಥದೇ ಆಸನ ಬೇಕಾಗಿದೆ. ಕುಂದಾಪುರದ ವೈದ್ಯರಲ್ಲಿಗೆ ಹೋಗುವ ದಿನ ಆಕೆ ಆಟೋ ಹತ್ತುವುದನ್ನು ನೋಡಿದವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಕಾರಿಗೆ ಏಳು ವರ್ಷ. ಹಸಿರು ನ್ಯಾಯಮಂಡಳಿಯ 2015ರ ಆದೇಶ ಹಾಗೂ ಅದನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯದ 2018ರ ಆದೇಶದ ಫಲವಾಗಿ ದೆಹಲಿಯಲ್ಲಿ ಹತ್ತು ವರ್ಷ ತುಂಬಿದ ಡೀಸೆಲ್ ವಾಹನ ಓಡಿಸುವಂತಿಲ್ಲವೆಂದಾಗಿತ್ತು; ಅದರಿಂದ ಅಲ್ಲಿ ಇಂಥ ಕಾರುಗಳ ಬೆಲೆ ಇಳಿದುಹೋಗಿತ್ತು. ನಮ್ಮಲ್ಲಿ ಅದೇ ಕಾರಿಗೆ ಇನ್ನೂ ಆಯುಷ್ಯ ಉಂಟು. ಭಾವನವರು 1,80,000 ರೂಪಾಯಿ ಹೇಳಿದರು. ‘ಸುಮ್ಮನೆ ಕೊಟ್ಟರೆ ನೀನು ಒಯ್ಯುವವನಲ್ಲ’ ಎಂದೂ ಸೇರಿಸಿದರು.

ದೆಹಲಿಯಿಂದ ಕಿರಿಮಂಜೇಶ್ವರಕ್ಕೆ ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕ ದಾರಿ. ಓಡಿಸಿಕೊಂಡು ಬರಬಹುದು. ಆಗ ಡೀಸೆಲ್, ಸುಂಕದ ಕಟ್ಟೆಗಳು, ಮೂರು ರಾತ್ರಿಯ ವಸತಿ, ಚಾಲಕನ ಸಂಬಳ ಮತ್ತು ಅವನು ಹಿಂದಿರುಗುವ ರೈಲಿನ ಟಿಕೆಟು ಎಲ್ಲ ಸೇರುತ್ತವೆ. ನನ್ನ ವಯಸ್ಸಿಗೆ ಆ ಯೋಚನೆಯನ್ನು ಮನೆಯಲ್ಲಿ ಯಾರೂ ಮುಂದುವರಿಸಗೊಡಲಿಲ್ಲ. ರೈಲಿನ ಮಾತು ಬಂತು. ಮೋಟಾರು ಸೈಕಲ್ಲಾದರೆ ಪೆಟ್ರೋಲು ಖಾಲಿ ಮಾಡಿ, ಗೋಣಿ ಸುತ್ತಿ ಪಾರ್ಸೆಲ್ ಕಚೇರಿಗೆ ಒಪ್ಪಿಸಿದರೆ ಸಾಗುತ್ತದೆ. ಒಂಟಿ ಕಾರಿಗೆ ಆ ಸೌಕರ್ಯ ಸುಲಭವಿಲ್ಲ. ಹಳೆಯ ಪ್ರಯಾಣಿಕ ಬೋಗಿಗಳ ಆಸನ ಕಿತ್ತು ಮಾಡಿದ ಕಾರು ಸಾಗಿಸುವ ರೈಲುಗಳು ಇವೆಯಾದರೂ ಅವು ಮುಖ್ಯವಾಗಿ ತಯಾರಕರ ಹೊಸ ಕಾರುಗಳಿಗೆ. ನಮ್ಮ ಊರಿನ ಬಳಿ ಹಾಯುವ ಕೊಂಕಣ ರೈಲಿನಲ್ಲಿ ಸಾಲುಸಾಲು ಲಾರಿಗಳನ್ನೇ ಹೊತ್ತು ಹೋಗುವ ‘ರೋ ರೋ’ ಗಾಡಿಯನ್ನು ವರ್ಷಗಳಿಂದ ನೋಡುತ್ತಿದ್ದೇವೆ. 2025ರ ಆಗಸ್ಟ್‌ನಲ್ಲಿ ಅದೇ ರೈಲ್ವೆಯು ಕಾರುಗಳಿಗೂ ಅಂಥದೊಂದು ಸೇವೆಯನ್ನು ಆರಂಭಿಸಿತು. ಆಗ ಒಂದು ಕಾರಿಗೆ 7,875 ರೂಪಾಯಿ ಗೊತ್ತುಮಾಡಿತ್ತು. ಆದರೆ ಅದು ಮಹಾರಾಷ್ಟ್ರದ ಕೋಲಾಡಿನಿಂದ ಗೋವಾದ ವೆರ್ಣದವರೆಗೆ. ದೆಹಲಿಯಿಂದ ಕೋಲಾಡಿಗೂ ವೆರ್ಣದಿಂದ ನಮ್ಮ ಮನೆಗೂ ದಾರಿ ಹಾಗೆಯೇ ಉಳಿಯುತ್ತದೆ.

ಉಳಿದದ್ದು ಕಾರು ಹೊರುವ ಲಾರಿ. ನಾಲ್ಕು ಸಂಸ್ಥೆಗಳನ್ನು ಕೇಳಿದೆ. 18,500ರಿಂದ 31,000 ರೂಪಾಯಿಯವರೆಗೆ ನಾಲ್ಕು ಬೆಲೆ ಬಂದವು. ಈ ಅಂತರಕ್ಕೆ ಕಾರಣವನ್ನು ಬಿಡಿಸಿ ನೋಡಿದಾಗ ತಿಳಿದದ್ದಿಷ್ಟು. ತೆರೆದ ಲಾರಿಗಿಂತ ಮುಚ್ಚಿದ ಲಾರಿಗೆ ಬೆಲೆ ಹೆಚ್ಚು. ಆರೋ ಎಂಟೋ ಕಾರುಗಳು ತುಂಬುವವರೆಗೆ ಕಾಯುವ ಲಾರಿ ಅಗ್ಗ, ದಿನಾಂಕ ಕೇಳಿದರೆ ದುಬಾರಿ. ಹಿಂದಿರುಗುವಾಗ ಹೊರೆ ಸಿಗುವ ಊರಿಗೆ ಒಂದು ದರ, ಬರಿದಾಗಿ ಹಿಂದಿರುಗಬೇಕಾದ ಊರಿಗೆ ಇನ್ನೊಂದು. ಬೆಂಗಳೂರಿಗೆ ಹೇಳಿದ ದರಕ್ಕೂ ಮಂಗಳೂರಿಗೆ ಹೇಳಿದ ದರಕ್ಕೂ ಇದ್ದ ವ್ಯತ್ಯಾಸ ಕಿಲೋಮೀಟರುಗಳದಲ್ಲ, ಈ ಬರಿಗೈ ಪ್ರಯಾಣದ್ದು. ‘ಮನೆ ಬಾಗಿಲಿಗೆ’ ಎಂಬ ಮಾತಿಗೆ ನಾಲ್ವರೂ ಒಪ್ಪಿದರು. ಅಷ್ಟುದ್ದದ ಲಾರಿ ನಮ್ಮ ಓಣಿಗೆ ಬರಲಾರದೆಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಮೂವತ್ತು ವರ್ಷ ಮೀನಿನ ಲಾರಿ ಓಡಿಸಿದ ನೆರೆಯವರೊಬ್ಬರು ದರಪಟ್ಟಿಯನ್ನು ಓದಿಸಿಕೊಂಡು ಹೇಳಿದ್ದು ಒಂದೇ ಮಾತು: “ಮಾಷ್ಟ್ರೆ, ದಾರಿಯಗೆ ಎಂತಾರೂ ಆರೆ ಯಾರ್ ಕೊಡುದ್, ಅದನ್ ಮೊದ್ಲ್ ಕೇಣಿ.”

ನೂನಿಜ್‌ನ ಬಾಲ ನನಗೆ ನೆನಪಾದದ್ದು ಆಗ. ಕೇಳಿದೆ. ಉತ್ತರಗಳು ನುಣುಚಿಕೊಂಡವು. ‘ನಮ್ಮಲ್ಲಿ ಹಾಗೆ ಆಗುವುದಿಲ್ಲ’ ಎಂಬುದೇ ಹೆಚ್ಚಿನವರ ಉತ್ತರ. ಒಬ್ಬರ ರಸೀದಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮಾಲೀಕನ ಹೊಣೆಯಲ್ಲಿ’ ಎಂದಿತ್ತು. ಕಾನೂನು ಇಷ್ಟು ಸರಳವಲ್ಲ. 1865ರ ಸಾಗಣೆದಾರರ ಕಾಯಿದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ, ಸಾರ್ವಜನಿಕ ಸಾಗಣೆದಾರನ ವಶದಲ್ಲಿ ಸರಕು ಹಾಳಾದರೆ ಅವನ ನಿರ್ಲಕ್ಷ್ಯವನ್ನು ಮಾಲೀಕನು ರುಜುವಾತುಪಡಿಸಬೇಕಾಗಿಲ್ಲ. ಆದರೆ ಮಾಲೀಕನು ಹೆಚ್ಚಿನ ಮೌಲ್ಯವನ್ನು ಮೊದಲೇ ಘೋಷಿಸದಿದ್ದರೆ ಹೊಣೆಗೆ ಮಿತಿಯುಂಟು. ನಿಯಮಗಳಂತೆ ಅದು ಸಾಗಣೆ ದರದ ಹತ್ತು ಪಟ್ಟು. ನಾನು ಒಪ್ಪಿದ ದರ 24,000. ಹತ್ತು ಪಟ್ಟೆಂದರೆ 2,40,000. ನನ್ನ ಕಾರಿನ ಬೆಲೆ ಅದರೊಳಗೆ ಅಡಗುತ್ತದೆ. ಹನ್ನೆರಡು ಲಕ್ಷದ ಹೊಸ ಕಾರನ್ನು ಇದೇ ದರಕ್ಕೆ ಒಪ್ಪಿಸಿ ಮೌಲ್ಯ ಬರೆಸದವನು ಬಾಲದ ಐದನೆಯ ಒಂದು ಪಾಲನ್ನಷ್ಟೇ ಪಡೆಯುತ್ತಾನೆ. ಇನ್ನೊಂದು ಸಂಗತಿ: ಕಾರಿನ ಸಮಗ್ರ ವಿಮಾ ಪತ್ರದಲ್ಲಿಯೇ ರಸ್ತೆ, ರೈಲು, ಒಳನಾಡ ಜಲಮಾರ್ಗ ಮುಂತಾದವುಗಳ ಮೂಲಕ ಸಾಗುವಾಗ ಆಗುವ ಹಾನಿಯೂ ಸೇರಿದೆ. ವಿಮಾ ಪತ್ರವನ್ನು ಮೊದಲ ಪುಟದಿಂದಾಚೆಗೆ ಓದುವವರು ವಿರಳವಾದ್ದರಿಂದ ಇದು ಹೆಚ್ಚು ಪ್ರಚಾರದಲ್ಲಿಲ್ಲ.

ಇಲ್ಲಿ ನಮ್ಮ ಪುರಾಣದ ಒಬ್ಬ ವ್ಯಾಪಾರಿಯನ್ನು ನೆನೆಯದಿರಲಾರೆ. ಹೇಮಚಂದ್ರನ ‘ತ್ರಿಷಷ್ಟಿಶಲಾಕಾಪುರುಷಚರಿತ’ದಲ್ಲಿ ಋಷಭನಾಥನ ಭವಾವಳಿ ಧನನೆಂಬ ಸಾರ್ಥವಾಹನಿಂದ ತೊಡಗುತ್ತದೆ. ವಸಂತಪುರಕ್ಕೆ ಹೊರಟ ಅವನು ಊರಲ್ಲಿ ಡಂಗುರ ಹೊಡೆಸುತ್ತಾನೆ. ತನ್ನೊಡನೆ ಬರುವವರಲ್ಲಿ ಪಾತ್ರೆಯಿಲ್ಲದವರಿಗೆ ಪಾತ್ರೆ, ವಾಹನವಿಲ್ಲದವರಿಗೆ ವಾಹನ, ಬುತ್ತಿಯಿಲ್ಲದವರಿಗೆ ಬುತ್ತಿ ಕೊಡುವುದಾಗಿ, ದಾರಿಯ ಅಪಾಯಗಳಿಂದ ಕಾಪಾಡುವುದಾಗಿ ಸಾರಿಸುತ್ತಾನೆ. (ಕನ್ನಡದ ಓದುಗರು ಪಂಪನ ಆದಿಪುರಾಣದಲ್ಲಿ ಇವನನ್ನು ಹುಡುಕಬಾರದು. ದಿಗಂಬರ ಪರಂಪರೆಯ ಭವಾವಳಿ ಜಯವರ್ಮ, ಮಹಾಬಲ, ಲಲಿತಾಂಗರಿಂದ ಬೇರೆಯಾಗಿಯೇ ಸಾಗುತ್ತದೆ.) ಧನನು ಮುನಿಗಳಿಗೆ ತುಪ್ಪ ದಾನ ಮಾಡಿ ಸಮ್ಯಕ್ತ್ವ ಪಡೆದ ಭಾಗವನ್ನೇ ಎಲ್ಲರೂ ವಿವರಿಸುತ್ತಾರೆ. ನನ್ನ ಗಮನ ಅದಕ್ಕೆ ಮೊದಲಿನ ಡಂಗುರದ ಮೇಲೆ. ‘ಸಾರ್ಥವಾಹ’ ಎಂಬ ಶಬ್ದದಲ್ಲಿರುವುದು ‘ವಹಿಸು’ ಎಂಬುದೇ. ಸರಕನ್ನು ಹೊರುವವನು ಹೊಣೆಯನ್ನೂ ಹೊರುತ್ತಾನೆಂಬುದು ಹೊರಡುವ ಮೊದಲೇ ಊರಿಗೆಲ್ಲ ಕೇಳುವಂತೆ ಹೇಳುವ ಮಾತಾಗಿತ್ತು, ರಸೀದಿಯ ಹಿಂಬದಿಯ ಮಾತಾಗಿರಲಿಲ್ಲ.

ಭಾವನವರು ಕಾರನ್ನು ಒಪ್ಪಿಸುವ ಮುನ್ನ ನಾಲ್ಕು ಮಗ್ಗುಲಿನಿಂದ ಚಿತ್ರ ತೆಗೆದು, ಓಡಿದ ದೂರದ ಅಂಕಿಯನ್ನೂ ಚಿತ್ರಿಸಿಕೊಂಡು, ರಸೀದಿಯಲ್ಲಿ ಮೌಲ್ಯ ಬರೆಸಿದರು. ಎಂಟು ದಿನವೆಂದದ್ದು ಹದಿನೇಳು ದಿನವಾಯಿತು. ಲಾರಿ ಮಂಗಳೂರಿನ ಆಚೆ ಒಂದು ಅಂಗಳದಲ್ಲಿ ಕಾರನ್ನು ಇಳಿಸಿತು. ಅಲ್ಲಿಂದ ಯಾರೋ ಹುಡುಗನೊಬ್ಬ ಓಡಿಸಿಕೊಂಡು ಬಂದ. ಅಂಕಿ 214 ಕಿಲೋಮೀಟರು ಮುಂದೆ ಹೋಗಿತ್ತು. ಮಂಗಳೂರಿನಿಂದ ನಮ್ಮೂರಿಗೆ ಅಷ್ಟು ದೂರವಿಲ್ಲ. ಎಡಗಡೆಯ ಹಿಂಬಾಗಿಲು ಒಳಕ್ಕೆ ತಗ್ಗಿತ್ತು, ಕನ್ನಡಿ ಒಡೆದಿತ್ತು. ಹುಡುಗನ ತಪ್ಪೇನಿರಲಿಲ್ಲ. ಅವನಿಗೆ ಚಹಾ ಕೊಟ್ಟು, ಅವನೆದುರಿಗೇ ಮತ್ತೆ ನಾಲ್ಕು ಚಿತ್ರ ತೆಗೆದು, ಸ್ವೀಕೃತಿ ಪತ್ರದಲ್ಲಿ ಹಾನಿಯ ವಿವರವನ್ನು ಬರೆದೇ ಸಹಿ ಹಾಕಿದೆ. ಆ ಎಂಟು ಚಿತ್ರಗಳೇ ನನ್ನ ಪಾಲಿನ ಬಾಲ. ಸಂಸ್ಥೆ ಮೊದಲು ರಸೀದಿಯ ಹಿಂಬದಿಯನ್ನು ಉಲ್ಲೇಖಿಸಿತು. ನಾನು ಕಾಯಿದೆಯನ್ನು ಉಲ್ಲೇಖಿಸಿ ಬರೆದೆ. ಏಳು ವಾರಗಳ ಮೇಲೆ ದುರಸ್ತಿಯ ವೆಚ್ಚ 11,400ರಲ್ಲಿ 9,000 ಬಂತು.

ಸಾಗಣೆಗಿಂತ ಭಾರವಾದದ್ದು ಸುಂಕ. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಇಲ್ಲಿ ಇರಿಸಿಕೊಳ್ಳುವುದಾದರೆ ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು 1988ರ ಮೋಟಾರು ವಾಹನ ಕಾಯಿದೆಯ ನಿಯಮ. ಅದಕ್ಕೆ ದೆಹಲಿಯ ನಿರಾಕ್ಷೇಪಣಾ ಪತ್ರ ಬೇಕು. ಬಳಿಕ ಕರ್ನಾಟಕದ ಜೀವಾವಧಿ ತೆರಿಗೆ. ಅದು ನಾನು ಕೊಟ್ಟ 1,80,000ದ ಮೇಲಲ್ಲ, ಕಾರು ಹೊಸದಾಗಿದ್ದಾಗಿನ 6,20,000ದ ಮೇಲೆ. ಕಾರಿನ ವಯಸ್ಸಿಗೆ ತಕ್ಕಂತೆ ಕಡಿತವಿದೆ, ಮೇಲೆ ಉಪಕರವಿದೆ. ಎಲ್ಲ ಸೇರಿ ಸಾಗಣೆ ವೆಚ್ಚದ ಎರಡು ಪಟ್ಟನ್ನು ಮೀರಿತು. ದೆಹಲಿಗೆ ಮೊದಲು ಕಟ್ಟಿದ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ಹಿಂದಕ್ಕೆ ಕೇಳಬಹುದು. ಕೇಳುವುದು ಬೇರೆ, ಬರುವುದು ಬೇರೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಶಾಸನಗಳಲ್ಲಿ ಸುಂಕದ ಹೆಸರುಗಳನ್ನು ಓದುವಾಗ ವಿದ್ಯಾರ್ಥಿಗಳು ಬೇಸರಪಡುತ್ತಾರೆ. ಬಸದಿಗೋ ದೇಗುಲಕ್ಕೋ ಇಂತಿಷ್ಟು ಹೇರು ಸುಂಕವಿಲ್ಲದೆ ಸಾಗಲೆಂದು ಬಿಟ್ಟುಕೊಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸುವಷ್ಟು ದೊಡ್ಡ ದಾನವೆಂದು ಏಕೆ ಎಣಿಸಿದರೆಂಬುದು, ಒಮ್ಮೆ ಉಡುಪಿಯ ಸಾರಿಗೆ ಕಚೇರಿಯಲ್ಲಿ ಚಲನ್ ಕಟ್ಟಿದ ಮೇಲೆ ತಾನಾಗಿ ತಿಳಿಯುತ್ತದೆ.

ಲೆಕ್ಕ ಕೂಡಿದರೆ ಕಾರಿನ ಬೆಲೆಯ ಅರ್ಧಕ್ಕೆ ಹತ್ತಿರದಷ್ಟು ಹಣ ದಾರಿಗೂ ಸುಂಕಕ್ಕೂ ಹೋಗಿದೆ. ಮಂಗಳೂರಿನಲ್ಲಿ ಇಷ್ಟೇ ಹಣಕ್ಕೆ ಒಳ್ಳೆಯ ಹಳೆಯ ಕಾರು ಸಿಗುತ್ತಿತ್ತೆಂದು ಹೇಳಿದವರಿದ್ದಾರೆ. ಸಿಗುತ್ತಿತ್ತು. ಅದಕ್ಕೆ ಹೊರಕ್ಕೆ ತಿರುಗುವ ಆಸನ ಇರುತ್ತಿರಲಿಲ್ಲ.

ಕೆಎ 20 ಸಂಖ್ಯೆ ಬರುವ ಮೊದಲೇ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಹೆಂಡತಿಯನ್ನು ಕೂರಿಸಿಕೊಂಡು ಭಟ್ಕಳದ ಚಂದ್ರನಾಥ ಬಸದಿಗೆ ಹೊರಟೆ. ಜಟ್ಟಪ್ಪ ನಾಯಕನ ಹೆಸರಿನ ಆ ಬಸದಿಯನ್ನು ಆಕೆ ನೋಡಿ ಆರು ವರ್ಷಗಳಾಗಿದ್ದವು. ದಾರಿಯ ಸುಂಕದ ಕಟ್ಟೆಯಲ್ಲಿ ತಡೆಗೋಲು ತಾನಾಗಿ ಎದ್ದಿತು. ಗಾಜಿಗೆ ಅಂಟಿಸಿದ್ದ ಫಾಸ್ಟ್‌ಟ್ಯಾಗ್ ಇನ್ನೂ ಭಾವನವರ ಖಾತೆಯದೇ ಆಗಿತ್ತು. ಕಟ್ಟೆ ದಾಟಿ ಎರಡು ನಿಮಿಷವಾಗಿರಲಿಲ್ಲ, ದೆಹಲಿಯಿಂದ ಫೋನು ಬಂತು.

“ಎಲ್ಲಿಗೆ ಹೊರಟದ್ದು ಮಾರಾಯ?”